ಎರ್ರೆಪ್ಪನ ಚುಕ್ಕೆ

ಹಡಗಲಿ ಬಸ್ಸು ಬರುವ ಹೊತ್ತಾದರೂ ಎರ್ರೆಪ್ಪ ಬೇವಿನಮರದ ಕಟ್ಟೆ ಬಿಟ್ಟು ಏಳಲಿಲ್ಲ. ಹೆಂಡತಿ ಚೌಡಕ್ಕ ಇಳಕಲ್ ಸೀರೆ ಉಟ್ಟು, ಮುಯ್ಯಿಯ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, ಒಮ್ಮೆ ರಸ್ತೆ ನೋಡುತ್ತ ಒಮ್ಮೆ ಗಂಡನನ್ನು ನೋಡುತ್ತ ಬೆವೆತುಹೋಗಿದ್ದಳು. ಹಡಗಲಿ ದಾಟಿ ಹೋಗಬೇಕಾದ ಹಂಪಸಾಗರದಲ್ಲಿ ಅವಳ ಅಣ್ಣನ ಮಗಳ ಮದುವೆ. ಮಧ್ಯಾಹ್ನಕ್ಕೆ ಅಕ್ಕಿಕಾಳು ಹಾಕುವ ಮುಹೂರ್ತ.

"ಏಳ್ರೀ ಅಂದ್ರ! ಈ ಬಸ್ಸು ತಪ್ಪಿದ್ರ ಬರೇ ಎಂಜಲೆಲಿ ನೋಡಾಕ ಹೋಗಬೇಕು."

"ನೀ ಹೋಗಿ ಬಾ. ನಾ ಹೆಂಗ ಬರಲಿ? ನಕಾಶಿಯೊಳಗ ನಾ ಇಲ್ಲಿ ಅದೀನಿ. ಯಾರಾರ ಅದನ್ನ ನೋಡಿಕೊಂತ ಬಂದು, ಎರ್ರೆಪ್ಪನೇ ಇಲ್ಲಂದ್ರ, ಇಡೀ ಮಾಗಳ ಊರೇ ಸುಳ್ಳು ಅಂದ್ಕೊಂಡು ಹೊಳ್ಳಿ ಹೋಗ್ತಾರ."

ಇದೆಲ್ಲ ಪಕ್ಕದ ಮನೆಯ ಪ್ರಿಯಾ ತಂದಿಟ್ಟ ಪಜೀತಿ. ಹಡಗಲಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಆ ಹುಡುಗಿ ಊರಿನ ನಕ್ಷೆ ಮಾಡುವುದನ್ನು ಕಲಿಯುತ್ತಿದ್ದಳು. ಅಂತಿಂಥ ನಕ್ಷೆಯಲ್ಲ. ಫೋನಿನಲ್ಲಿ ಒಂದು ಚುಕ್ಕೆ ಮುಟ್ಟಿದರೆ ಆ ಜಾಗವೇ ತೆರೆದುಕೊಂಡು, ಬೆರಳಾಡಿಸಿದತ್ತ ಸುತ್ತಲೂ ತಿರುಗುತ್ತಿತ್ತು. ಗುಡಿಗೊಂದು ಚುಕ್ಕೆ, ಶಾಲೆಗೊಂದು, ಹೊಳೆಗೆ ಹೋಗುವ ದಾರಿಗೊಂದು ಇಟ್ಟಳು. ಆದರೆ ಮಾಗಳದಲ್ಲಿ ಯಾರನ್ನೇ ದಾರಿ ಕೇಳಿ, "ಎರ್ರೆಪ್ಪ ಕುಂತಿರ್ತಾನಲ್ಲ, ಅಲ್ಲಿ ಎಡಕ್ಕ ಹೊಳ್ರಿ" ಎನ್ನುತ್ತಾರೆ. ಹಾಗಾಗಿ ಪ್ರಿಯಾ ಎರ್ರೆಪ್ಪ ಕಟ್ಟೆಯ ಮೇಲೆ ಕೂತ ಚಿತ್ರ ತೆಗೆದು, ಅವನಿಗೂ ಒಂದು ಚುಕ್ಕೆ ಇಟ್ಟು, ಅವನ ಹೆಸರನ್ನೇ ಬರೆದುಬಿಟ್ಟಳು.

ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದಂತಾಯಿತು. ಜೀವಮಾನದಲ್ಲಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗದ ಮನುಷ್ಯ ಕೋಳಿ ಕೂಗುವ ಮೊದಲೇ ಕಟ್ಟೆಗೆ ಹಾಜರಾಗತೊಡಗಿದ. ಚಿತ್ರದಲ್ಲಿ ನೀಲಿ ಅಂಗಿ ಇದೆಯೆಂದು ದಿನಾ ಅದೇ ನೀಲಿ ಅಂಗಿ. ಒಗೆದದ್ದು ಒಣಗದಿದ್ದರೆ ಹಸಿಯಾಗಿಯೇ ತೊಡುತ್ತಿದ್ದ. ಚಿತ್ರದಲ್ಲಿ ಬಲಗಾಲು ಮಡಚಿದೆಯೆಂದು ಬಲಗಾಲು ಮಡಚಿಯೇ ಕೂರುವುದು, ಜೋಮು ಹಿಡಿದರೆ ಹಿಡಿಯಲಿ. ಬುತ್ತಿಯೂ ಕಟ್ಟೆಗೇ ಬರಬೇಕು. ಮಲ್ಲಿಗೆ ತೋಟದ ಕಡೆ ತಲೆ ಹಾಕುವುದಂತೂ ಪೂರಾ ನಿಂತಿತು.

ಇಷ್ಟನ್ನೆಲ್ಲ ಚೌಡಕ್ಕ ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಇವತ್ತಿನದು ಬೇರೆ. ಹೋದ ವರ್ಷ ಒಂದು ಟಗರಿನ ವಿಷಯಕ್ಕೆ ಎರ್ರೆಪ್ಪನಿಗೂ ಅವಳ ಅಣ್ಣನಿಗೂ ಮಾತಿಗೆ ಮಾತು ಬೆಳೆದು, ಹೋಗಿಬರುವುದೇ ನಿಂತಿತ್ತು. ಈಗ ಅಣ್ಣ ತಾನಾಗಿ ಬಂದು ಕಾರ್ಡು ಕೊಟ್ಟು, "ನಿನ್ನ ಗಂಡ ಬರಲಿಲ್ಲಂದ್ರ ಸಿಟ್ಟು ಇಳಿದಿಲ್ಲಂತ ತಿಳೀತೀನಿ" ಎಂದು ಹೇಳಿಹೋಗಿದ್ದ. ಒಬ್ಬಳೇ ಹೋಗಿ ಹಂದರದಲ್ಲಿ ನಿಂತರೆ ತವರಿನ ಬಾಗಿಲು ಮುಚ್ಚಿದಂತೆಯೇ ಲೆಕ್ಕ. ಅವಳಿಗೆ ಅಳುವೇ ಬಂತು.

"ಆ ಟಗರಿನ ಸಿಟ್ಟು ಇನ್ನೂ ಐತೇನ್ರಿ?"

"ಏ, ಟಗರು ಯಾರಿಗೆ ನೆನಪೈತಿ ಹೋಗಲೇ. ಇದು ಡ್ಯೂಟಿ."

ಅಷ್ಟರಲ್ಲಿ ಪ್ರಿಯಾ ಕ್ಲಾಸಿಗೆ ಹೋಗಲು ಅದೇ ಬಸ್ಸಿಗೆಂದು ಬಂದಳು. ಚೌಡಕ್ಕ ಅವಳ ಕೈ ಹಿಡಿದು ಮರದ ಹಿಂದಕ್ಕೆ ಎಳೆದೊಯ್ದಳು.

"ನಮ್ಮವ್ವಾ, ಆ ಚುಕ್ಕಿ ಅಳಿಸಿಬಿಡು."

"ಅಳಿಸಿದ್ರ ಮಾವ ಉಣ್ಣೋದು ಬಿಡ್ತಾರತ್ತಿ."

ಅದೂ ನಿಜವೇ. ಚೌಡಕ್ಕ ಒಂದು ಗಳಿಗೆ ಯೋಚಿಸಿದಳು. "ಹಂಗಾರ ಅದನ್ನ ಎತ್ತಿ ಹಂಪಸಾಗರಕ್ಕ ಇಡು. ನಮ್ಮಣ್ಣನ ಮನಿ ಮುಂದ, ಹಂದರದಾಗ."

"ಅಯ್ಯ! ಮ್ಯಾಪಿನ್ಯಾಗ ಸುಳ್ಳು ಇಡಬಾರದು ಅಂತ ಮೊದಲನೇ ಪಾಠದಾಗ ಹೇಳ್ಯಾರ. ಇವತ್ತ ಮೇಡಂ ನೋಡ್ತಾರ, ನಾಪಾಸ್ ಮಾಡ್ತಾರ ನನ್ನ."

"ಸುಳ್ಳು ಯಾಕ ಆಕ್ಕೈತಿ? ಇಡೋದು ನಿನ್ನ ಕೆಲಸ. ಖರೇ ಮಾಡೋದು ಅವರ ಕೆಲಸ."

ಪ್ರಿಯಾ ನಗು ತಡೆದುಕೊಂಡು ಚುಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಹೊಳೆಯ ದಂಡೆಗುಂಟ ಎಳೆದೊಯ್ದು ಹಂಪಸಾಗರದಲ್ಲಿ ಬಿಟ್ಟಳು. ಆಮೇಲೆ ಫೋನನ್ನು ಎರ್ರೆಪ್ಪನ ಮೂಗಿನ ಮುಂದೆ ಹಿಡಿದಳು.

"ಮಾವ, ನೀವು ಇಲ್ಲೇನ್ ಮಾಡಾಕತ್ತೀರಿ?"

ಎರ್ರೆಪ್ಪ ಫೋನು ನೋಡಿದ. ಮಡಚಿದ ಕಾಲು ನೋಡಿಕೊಂಡ. ಕೂತ ಕಲ್ಲನ್ನು ತಡವಿ ನೋಡಿದ. ಮತ್ತೆ ಫೋನು ನೋಡಿದ.

"ಹಂಪಸಾಗರದಾಗ ಅದೀನಲ್ಲಲೇ!" ಎಂದವನೇ ಧಡಕ್ಕನೆ ಎದ್ದ. ಜೋಮು ಹಿಡಿದ ಕಾಲು ಎಳೆಯುತ್ತ ಓಡಿ, ಬರುತ್ತಿದ್ದ ಬಸ್ಸಿಗೆ ಎರಡೂ ಕೈ ಎತ್ತಿ ಅಡ್ಡ ನಿಂತ. "ಲಗೂ ಬಿಡಪಾ ಡ್ರೈವರಾ, ನಾ ಆಗಲೇ ಅಲ್ಲಿ ಮುಟ್ಟೀನಿ!"

ಬಸ್ಸಿನಲ್ಲಿ ಚೌಡಕ್ಕ ಪ್ರಿಯಾಳ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮದುವೆಯಾದಾಗಿನಿಂದ ಏಳೆಂದರೆ ಏಳದ, ಬಾ ಎಂದರೆ ಬಾರದ ಮನುಷ್ಯ ಮುಂದಿನ ಸೀಟಿನ ತುದಿಯಲ್ಲಿ ಕೂತು, ಬಸ್ಸನ್ನು ತಾನೇ ನೂಕುವವನಂತೆ ಕಂಬಿ ಹಿಡಿದು ಮುಂದಕ್ಕೆ ಬಾಗಿದ್ದ. ಅವಳು ಬಹಳ ಹೊತ್ತು ಅವನ ಬೆನ್ನನ್ನೇ ನೋಡಿದಳು.

"ಪ್ರಿಯಾ, ನಿಮ್ಮ ಕ್ಲಾಸಿಗೆ ಸೇರಾಕ ಎಷ್ಟು ಓದಿರಬೇಕವ್ವಾ?"

"ಯಾಕತ್ತಿ?"

"ಏನಿಲ್ಲ. ನಮ್ಮ ಮಲ್ಲಿಗಿ ತ್ವಾಟದಾಗ ಕಳೆ ಬಾಳ ಬೆಳದೈತಿ."