ಹೂಂಗುಟ್ಟಿದವರು

"ಸದಸ್ಯರಾಗ್ತೀರಾ, ಬ್ಯಾಡ್ವಾ, ಅಮ್ಮಾ?" ಎಂದು ನಂಜನಗೂಡಿನ ವಂಶಚರಿತ್ರೆ ಗ್ರಂಥಾಲಯದ ಚೈತ್ರ ಕೇಳಿದಳು. "ತಾಳವ್ವ, ಮೊದ್ಲು ಕೇಳ್ಕತೀನಿ," ಎಂದು ರುದ್ರಾಣಿಯಮ್ಮ ಇಯರ್‌ಫೋನ್ ಒತ್ತಿ ಹಿಡಿದರು. ಸದಸ್ಯರಾದರೆ ಹೋದ ತಿಂಗಳು ಶಿವೈಕ್ಯರಾದ ಗಂಡ ಶಿವಮಲ್ಲಪ್ಪನವರ ಹೆಸರು ವಂಶಾವಳಿಗೆ ಸೇರುತ್ತಿತ್ತು. ಸೇರಿತೆಂದರೆ ಅವರು ನಿಜವಾಗಿಯೂ ಹೋದಂತೆ ಎಂಬ ಅಳುಕು.

ಅದು ಅವರ ಮದುವೆಗೂ ಮುಂಚಿನ ಧ್ವನಿಮುದ್ರಣ. ವಂಶ ಹೇಳುವ ಹೆಳವ ತೀರಿಕೊಂಡವರ ಹೆಸರು ಒಂದೊಂದಾಗಿ ಹೇಳಿ, ಮನೆಯವರು ಹೂಂಗುಟ್ಟಿದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದ. ಹೂಂಗುಟ್ಟುತ್ತಿದ್ದುದು ಗಂಡನ ಎಳೆಯ ದನಿ.

"ಶಿವಮಲ್ಲಪ್ಪ," ಎಂದ ಹೆಳವ.

"ಹೂಂ."

"ಮಡದಿ ರುದ್ರಾಣಿ."

ಹೂಂ ಬರಲಿಲ್ಲ. ಹೆಳವ ಕಾಯುತ್ತಿದ್ದ. ರುದ್ರಾಣಿಯಮ್ಮನ ಕೈ ಎದೆಯ ಲಿಂಗವನ್ನು ಹಿಡಿಯಿತು.

"ಅವ್ಳು ಈಗ್ಲೇ ಬರಕ್ಕಿಲ್ಲ ಕಣಯ್ಯ, ಮುಂದಕ್ಕೋಗು," ಎಂದಿತು ಗಂಡನ ದನಿ, ಹೋದ ತಿಂಗಳಿನ ಮುದಿ ದನಿ.

ಅವರು ಇಯರ್‌ಫೋನ್ ತೆಗೆದರು. "ಸೇರುಸ್ಕಳವ್ವ. ಅವ್ರ ಹೆಸ್ರು ಮಾತ್ರ."