ಕಣ್ಣಿಗೊತ್ತಿಕೊಂಡ ಕೈ

ಕ್ಯಾಮೆರಾಕ್ಕೆ ತೋರಿಸುತ್ತಿದ್ದ ಹೊಸ ಚಪ್ಪಲಿ ಕೈಜಾರಿ ಆನಂದಕುಮಾರನ ಬರಿಗಾಲಿನ ಮೇಲೆಯೇ ಬಿತ್ತು. "ಬರೀ ಬೊಮ್ಮ ಸಾರ್, ಅಚ್ಚು ಹಾಕಿದ ಚಿತ್ರ, ಇದ್ರಿಂದ ಯಾರ ಮನಸ್ಸೂ ನೋಯಾಕಿಲ್ಲ" ಎಂದು ಅವನು ಆಗಷ್ಟೇ ಟ್ರೇಡ್‌ಮಾರ್ಕ್ ಕಚೇರಿಯ ವಿಡಿಯೋ ವಿಚಾರಣೆಯಲ್ಲಿ ವಾದಿಸಿದ್ದ. ಚಪ್ಪಲಿಯಲ್ಲಿ ಹಿಮ್ಮಡಿ ಊರುವ ಜಾಗಕ್ಕೆ ನೇಕಾರರ ಕುಲದೇವತೆ ಚೌಡಮ್ಮನ ಮುಖ ಅಚ್ಚು ಹಾಕಿಸಿದ್ದ. ಕಲ್ಯಾಣದುರ್ಗದ ಈ ವ್ಯಾಪಾರಿಗೆ ಅದೇ ಟ್ರೇಡ್‌ಮಾರ್ಕ್ ಆಗಬೇಕಿತ್ತು. ಕೊಡಬೇಡಿ ಎಂದು ತಕರಾರು ಹಾಕಿದವಳು ಹಿಂದೂಪುರದ ಯಶೋದಾ. ಅವನದೇ ಕುಲದವಳು, ಚಪ್ಪಲಿ ಬಿಡದೆ ಮಗ್ಗದ ಗುಂಡಿಗೆ ಇಳಿದವಳಲ್ಲ. ಈಗಲೂ ಫೋನನ್ನು ಮಗ್ಗಕ್ಕೇ ಒರಗಿಸಿಟ್ಟು ಕೂತಿದ್ದಳು.

ಆನಂದಕುಮಾರ ಬಗ್ಗಿದ. ಕಾಲು ತಾಗಿದ್ದ ಆ ಮುಖವನ್ನು ಬಲಗೈಯಿಂದ ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಯೋಚಿಸಿ ಮಾಡಿದ್ದಲ್ಲ, ಅಮ್ಮ ಕಲಿಸಿದ ಚಿಕ್ಕಂದಿನ ಅಭ್ಯಾಸ. ತಲೆಯೆತ್ತಿದಾಗ ಕೈ ಇನ್ನೂ ಕಣ್ಣಿನ ಮೇಲೇ ಇತ್ತು. ಪರದೆಯ ಮೇಲಿದ್ದ ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು.

"ಬರೀ ಬೊಮ್ಮ ಅಂದ್ಯಲ್ಲಣ್ಣಾ, ಮತ್ಯಾಕೆ ಕಣ್ಣಿಗೊತ್ಕೊಂಡೆ?" ಎಂದು ಯಶೋದಾ ಕೇಳಿದಳು.

ಅವನು ಕೈಯನ್ನು ಸರ್ರನೆ ಕೆಳಗಿಳಿಸಿದ. "ನಿಮ್ಮ ಕಾಲಿಗೇ ತಾಗಬಾರದ್ದನ್ನ ಊರವರ ಕಾಲಡಿಗೆ ಹೇಗೆ ಹಾಕ್ತೀರಿ? ಈ ಗುರುತಿಗೆ ನೋಂದಣಿ ಇಲ್ಲ" ಎಂದರು ಅಧಿಕಾರಿ.

ಯಶೋದಾ ಫೋನ್ ಆರಿಸಲಿಲ್ಲ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಜೋರಾಗಿ ಲಾಳಿ ಹೊಡೆದಳು. ಆ ಸದ್ದು ಕಲ್ಯಾಣದುರ್ಗಕ್ಕೂ ಕೇಳಲಿ ಎಂದು.