ಹೆಸರು ಕೇಳಿದರೆ ಅಳಬಾರದು

ಮನಸ್ಸು ರಿಪೇರಿ ಕೇಂದ್ರಕ್ಕೆ ಸೇರಿಸಿದವರ ಮನಸ್ಸನ್ನು ಯಂತ್ರ ದಿನಾ ಬೆಳಗ್ಗೆ ಹೊಸದಾಗಿ ಕಟ್ಟಿ, ಅಂದರೆ ಬಿಲ್ಡ್ ಮಾಡಿ, ಮನೆಯವರು ಬರೆದುಕೊಟ್ಟ ಟೆಸ್ಟುಗಳನ್ನು ತಾನೇ ನಡೆಸುತ್ತಿತ್ತು. ಒಂದು ಫೇಲಾದರೂ ಕೆಂಪು ದೀಪ, ಮರುದಿನ ಮತ್ತೊಂದು ಬಿಲ್ಡ್. ಎಲ್ಲವೂ ಪಾಸಾದರೆ ಹಸಿರು ದೀಪ, ಮನೆಗೆ ಕಳಿಸುತ್ತಿದ್ದರು.

ಮಗಳು ಚಾರ್ವಿ ಜ್ವರದಲ್ಲಿ ತೀರಿಕೊಂಡ ಮೇಲೆ ಪರಶಿವ ಅನ್ನ ನೀರು ಬಿಟ್ಟಿದ್ದ. ಹೆಂಡತಿ ಸುಗುಣ ಅವನನ್ನು ಇಲ್ಲಿಗೆ ಸೇರಿಸಿದಳು. ಹೊಟ್ಟೆ ತುಂಬ ಉಣ್ಣಬೇಕು, ಚಾರ್ವಿ ಹೆಸರು ಕೇಳಿದರೆ ಅಳಬಾರದು ಎಂದು ಟೆಸ್ಟ್ ಬರೆದುಕೊಟ್ಟಳು. ಉಣ್ಣುವುದು ಬೇಗ ಪಾಸಾಯಿತು. ಅಳಬಾರದು ಎಂಬುದು ಮಾತ್ರ ದಿನವೂ ಫೇಲು.

ಇವತ್ತು ಹಸಿರು ದೀಪ ಹತ್ತಿತ್ತು.

"ಕರ್ಕೊಂಡು ಹೋಗಿ ಮೇಡಂ," ಎಂದ ಆಪರೇಟರ್ ಓಬಳೇಶ.

"ಅವಳ ಹೆಸರು ಹೇಳಿದ್ರಾ?" ಎಂದು ಕೇಳಿದಳು ಸುಗುಣ.

"ಮಿಷನ್ನೇ ಹೇಳುತ್ತೆ. ಒಂದು ಹನಿ ಬರ್ಲಿಲ್ಲ."

ಆಟೋದಲ್ಲಿ ಪರಶಿವ ದಾರಿಯುದ್ದಕ್ಕೂ ಬೆಣ್ಣೆದೋಸೆಯ ಮಾತಾಡಿದ. ಸುಗುಣ ನಕ್ಕಳು. ನಕ್ಕು ಎಷ್ಟೋ ಕಾಲವಾಗಿದ್ದರಿಂದ ಕೆನ್ನೆ ನೋಯಿತು.

ಮನೆಯ ಹೊಸ್ತಿಲ ಪಕ್ಕದಲ್ಲಿ, ಅವಳಿಂದ ತೆಗೆದಿಡಲಾಗದ ಪುಟ್ಟ ನೀಲಿ ಚಪ್ಪಲಿಗಳು ಹಾಗೇ ಇದ್ದವು. ಪರಶಿವ ಬಗ್ಗಿ ಎತ್ತಿಕೊಂಡ.

"ಯಾರದೋ ಮಗು ಚಪ್ಪಲಿ ಬಿಟ್ಟು ಹೋಗಿದೆ ಕಣೇ. ಪಕ್ಕದ್ಮನೇದಾ? ಕೊಟ್ಟು ಬರ್ಲಾ?"

ಅಳಬಾರದು ಎಂದಷ್ಟೇ ಅವಳು ಬರೆದಿದ್ದಳು. ಮಗಳು ನೆನಪಿರಬೇಕು ಎಂದೂ ಬರೆಯಬೇಕಾಗುತ್ತದೆ ಎಂದು ಯಾವ ತಾಯಿಗೆ ಹೊಳೆದೀತು?

"ಬೇಡ ರೀ, ಅಲ್ಲೇ ಇಡಿ," ಎಂದಳು ಸುಗುಣ. "ಅವರೇ ಬಂದು ತಗೊಂಡು ಹೋಗ್ತಾರೆ."